ಇನ್ನೂ ಚಾ ಕೊಟ್ಟಿಲ್ಲ ಅಂದಿದ್ದರು ಅಜ್ಜಿ

"ಐದೂ ಸರಿ ನೋಡಿದ್ದೆ ಅಕ್ಕಾ. ಆದ್ರೂ ಹಿಂಗಾತು."

ಆಪ್ತಸಲಹೆಗೆಂದು ನನ್ನ ಹತ್ತಿರ ಬಂದ ಸುಜಾತಾ ಮೊದಲ ಭೇಟಿಯಲ್ಲಿ ಇದನ್ನೇ ಮೂರು ಸಲ ಹೇಳಿದಳು. ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 24. ಬಾಗಲಕೋಟೆ ಕಡೆಯ ಹುಡುಗಿ. ಮುಂಬೈನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ಎಂಟು ತಿಂಗಳಾಗಿದೆ. ಡೊಂಬಿವಲಿಯಲ್ಲಿ ಮೂವರು ಗೆಳತಿಯರ ಜೊತೆ ರೂಮು.

ಬೆಳಿಗ್ಗೆ ಏಳೂವರೆ. ಅಕ್ಕಲಕೋಟೆ ಕಡೆಯ ಒಬ್ಬ ಅಜ್ಜಿಗೆ 12 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಕೊಡಬೇಕಿತ್ತು. ಔಷಧ ಕೊಡುವ ಮೊದಲು ನರ್ಸ್ ನೋಡಬೇಕಾದ ಐದು ಇವು: ಸರಿಯಾದ ರೋಗಿ, ಔಷಧ, ಡೋಸ್, ಕೊಡುವ ದಾರಿ (ಬಾಯಿಯೋ ಸೂಜಿಯೋ), ಸಮಯ. ಎಲ್ಲವನ್ನೂ ಚಾರ್ಟಿನಲ್ಲಿ ನೋಡಿದಳು, ಟಿಕ್ ಹಾಕಿದಳು, ಇಂಜೆಕ್ಷನ್ ಕೊಟ್ಟಳು. ಆದರೆ ಹೊಟ್ಟೆ ಸೋನೋಗ್ರಫಿಗೆಂದು ಅಜ್ಜಿಯನ್ನು ಉಪವಾಸ ಇಟ್ಟಿದ್ದರು. ರಾತ್ರಿ ಸಿಸ್ಟರ್ ಅದನ್ನು ಮಾವಶಿಗೆ, ಅಂದರೆ ವಾರ್ಡಿನ ಆಯಾಗೆ, ಹೇಳಿದ್ದರಂತೆ. ಡ್ರಗ್ ಚಾರ್ಟಿನಲ್ಲಿ ಬರೆದಿರಲಿಲ್ಲ, ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲೂ ಬರಲಿಲ್ಲ. ಒಂಬತ್ತೂವರೆಗೆ ಅಜ್ಜಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಶುಗರ್ 46. ಡಾಕ್ಟರು ಬಂದು ಡ್ರಿಪ್ ಸೂಜಿಯಲ್ಲೇ 25% ಡೆಕ್ಸ್ಟ್ರೋಸ್ (ಸಕ್ಕರೆ ದ್ರಾವಣ) ಕೊಡಿಸಿದರು. ಹದಿನೈದು ನಿಮಿಷದ ನಂತರ ನೋಡಿದರೆ 112. ಅಜ್ಜಿ ಚೇತರಿಸಿಕೊಂಡರು.

ಸುಜಾತಾ ಏನನ್ನೂ ಮುಚ್ಚಿಡಲಿಲ್ಲ. ತಾನೇ ಹೋಗಿ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ, ವರದಿ ಬರೆದುಕೊಟ್ಟಳು. ಇದು ಸಣ್ಣ ಧೈರ್ಯವಲ್ಲ. ಎಲ್ಲರೆದುರು ಬೈಸಿಕೊಂಡಳು, ಅದು ಬೇರೆ.

ಆಮೇಲೆ ನಿದ್ದೆ ಹೋಯಿತು. ಒಂದೇ ಮಾತ್ರೆಯನ್ನು ನಾಲ್ಕು ಸಲ ನೋಡುತ್ತಾಳೆ. ಗೇಟಿನಿಂದ ಮರಳಿ ವಾರ್ಡಿಗೆ ಹೋಗುತ್ತಾಳೆ. ಒಂದು ದಿನ ಲೋಕಲ್‌ನಿಂದ ಘಾಟ್‌ಕೋಪರ್‌ನಲ್ಲಿ ಇಳಿದು, ಪ್ಲಾಟ್‌ಫಾರ್ಮಿನಿಂದಲೇ ವಾರ್ಡಿಗೆ ಫೋನ್ ಮಾಡಿದ್ದಾಳೆ. ಕೆಲಸ ಬಿಟ್ಟು ಊರಿಗೆ ಹೋಗಲೇ ಎಂಬುದೇ ಅವಳ ಪ್ರಶ್ನೆಯಾಗಿತ್ತು.

ನಾನು ಆ ಮುಂಜಾನೆಯನ್ನು ನಿಧಾನವಾಗಿ ಮತ್ತೆ ಹೇಳಿಸಿದೆ. ಇಂಜೆಕ್ಷನ್ ಕೊಡುವಾಗ ಅಜ್ಜಿ ಏನಾದರೂ ಅಂದರಾ? ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅತ್ತಳು. "ಇನ್ನೂ ಚಾ ಸುದ್ಧಾ ಕೊಟ್ಟಿಲ್ಲ ನೋಡವ್ವಾ, ಅಂದಿದ್ರು. ಬರ್ತದ ಅಜ್ಜಿ, ತಡೀರಿ ಅಂದೆ."

ಇಡೀ ವಾರ್ಡಿನಲ್ಲಿ ಅಜ್ಜಿಯ ಕನ್ನಡ ಅರ್ಥವಾಗುತ್ತಿದ್ದದ್ದು ಇವಳೊಬ್ಬಳಿಗೇ. ಅದಕ್ಕೇ ಸಂಕಟ ಜಾಸ್ತಿ.

ನಾನು ಕೆಲವು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು. ಹಾಗಾಗಿ ಸುಮ್ನೆ ಸಮಾಧಾನ ಹೇಳಿ ಕಳಿಸಲು ಮನಸ್ಸು ಬರಲಿಲ್ಲ. ಐದೂ ಸರಿ ಇತ್ತಾ ಎಂದು ಕೇಳಿದೆ. ರೆಗ್ಯುಲರ್ ಇನ್ಸುಲಿನ್ ಕೊಡುವುದು ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು. ಅದರ ಜೋರು ಎರಡರಿಂದ ನಾಲ್ಕು ಗಂಟೆಯೊಳಗೆ. ಊಟವೇ ಇಲ್ಲದಿದ್ದ ಮೇಲೆ ಏಳೂವರೆ ಸರಿಯಾದ ಸಮಯ ಹೇಗಾಗುತ್ತದೆ? ಅವಳು ತಲೆ ಎತ್ತಿ ನೋಡಿದಳು. ಗಡಿಯಾರ ನೋಡಿದ್ದಳು, ತಟ್ಟೆ ನೋಡಿರಲಿಲ್ಲ. ತಪ್ಪಿನಲ್ಲಿ ಅವಳ ಪಾಲು ಅಷ್ಟು. ಚಾರ್ಟಿನಲ್ಲಿ ಉಪವಾಸ ಬರೆಯದೆ ಬಿಟ್ಟದ್ದು ಅವಳ ತಪ್ಪಲ್ಲ. ಇವೆರಡನ್ನೂ ಬೇರೆ ಮಾಡಿ ನೋಡಲು ಇಡೀ ಒಂದು ಭೇಟಿ ಹಿಡಿಯಿತು.

ನಾನು ಕೊಟ್ಟ ಸಲಹೆ ಇಷ್ಟು. ಔಷಧ ಕೈಗೆ ತೆಗೆದುಕೊಳ್ಳುವ ಮೊದಲು ಅರ್ಧ ನಿಮಿಷ ರೋಗಿಯ ಹತ್ತಿರ ನಿಲ್ಲು. ಏನು ತಿಂದರು, ನಿನ್ನೆಗಿಂತ ಇವತ್ತು ಹೇಗಿದ್ದಾರೆ, ಏನು ಹೇಳುತ್ತಿದ್ದಾರೆ, ನೋಡು, ಕೇಳು. ಈ ಔಷಧ ಮೈಯೊಳಗೆ ಹೋಗಿ ಏನು ಮಾಡುತ್ತದೆ, ಇವತ್ತು ಅದು ಬೇಕಾ ಎಂದು ಮನಸ್ಸಿನಲ್ಲೇ ಒಂದು ಮಾತು ಹೇಳಿಕೋ. ಹೃದಯದ ಮಾತ್ರೆ ಡಿಗಾಕ್ಸಿನ್ ಇದ್ದರೆ ಪೂರ್ತಿ ಒಂದು ನಿಮಿಷ ಎದೆಬಡಿತ ಎಣಿಸು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಡೆದು ಡಾಕ್ಟರನ್ನು ಕೇಳು. ಉಪವಾಸ ಎಂದ ಕೂಡಲೇ ಎಲ್ಲ ಇನ್ಸುಲಿನ್ ನೀನೇ ನಿಲ್ಲಿಸಬೇಡ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ನಿನ ಲೆಕ್ಕ ಬೇರೆ, ಅದನ್ನೂ ಕೇಳಿಯೇ ಮಾಡು. ಇನ್ಸುಲಿನ್ ಎಳೆದಾಗ ಇನ್ನೊಬ್ಬ ಸಿಸ್ಟರ್‌ಗೆ ತೋರಿಸು. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಔಷಧದ್ದು ಮತ್ತು 100 ಯೂನಿಟ್ ಇರುವುದರದ್ದು, ಎರಡೂ ಸಿರಿಂಜ್ ಸಿಗುತ್ತವೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ಡೋಸ್ ಎರಡೂವರೆ ಪಟ್ಟು ಆಗಿಬಿಡುತ್ತದೆ.

ಇನ್ನು ಆ ನಾಲ್ಕು ಸಲದ ನೋಟ. ಭಯದಲ್ಲಿ ನೋಡುವಾಗ ಕಣ್ಣು ಲೇಬಲ್ ಮೇಲಿರುತ್ತದೆ, ಮನಸ್ಸು ಆ ಅಜ್ಜಿಯ ಹಾಸಿಗೆಯ ಹತ್ತಿರ ಇರುತ್ತದೆ, ಅಲ್ವಾ? ಪೂರ್ತಿ ಗಮನ ಕೊಟ್ಟು ನಿಯಮದಂತೆ ನೋಡು, ಸಹಿ ಮಾಡು, ಮುಂದಿನ ಹಾಸಿಗೆಗೆ ಹೋಗು. ಟ್ರೇನಿನಲ್ಲಿ ಫೋನ್ ಮಾಡಬೇಕೆನಿಸಿದರೆ ಆ ಅನುಮಾನವನ್ನು ಚೀಟಿಯಲ್ಲಿ ಬರೆದು ಹತ್ತು ನಿಮಿಷ ತಡೆ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರ ಹತ್ತಿರ ಹೋಗೋಣ ಎಂದೆ. ಭೇಟಿಗಳ ನಡುವೆ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಬಹುದು, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು ಎಂದು ಬರೆದುಕೊಟ್ಟೆ.

ನಾಲ್ಕನೇ ಭೇಟಿಗೆ ಬಂದಾಗ ಒಂದು ಸಂಗತಿ ಹೇಳಿದಳು. ಬಿಪಿ ಮಾತ್ರೆ ಕೊಡಲು ಹೋದಾಗ ಒಬ್ಬ ಕಾಕಾ, ಎದ್ದು ಕೂತರೆ ಚಕ್ಕರ್ ಬರುತ್ತದೆ ಅಂದರಂತೆ. ಇವಳು ಟ್ರೇ ಕೆಳಗಿಟ್ಟು ಬಿಪಿ ನೋಡಿದ್ದಾಳೆ. 92/60. ಡಾಕ್ಟರಿಗೆ ಫೋನ್ ಮಾಡಿದಳು, ಆ ಹೊತ್ತಿನ ಮಾತ್ರೆ ಬೇಡವೆಂದರು. ಉಪವಾಸವನ್ನು ಡ್ರಗ್ ಚಾರ್ಟಿನ ಮೇಲೆಯೇ ಕೆಂಪಿನಲ್ಲಿ ಬರೆಯೋಣ ಎಂದು ಇನ್‌ಚಾರ್ಜ್ ಸಿಸ್ಟರ್‌ಗೂ ಕೇಳಿದ್ದಾಳೆ. ಅವರು ಒಪ್ಪಿದ್ದಾರೆ.

ಆ ವಾರ ಟ್ರೇನಿನಿಂದ ವಾರ್ಡಿಗೆ ಎರಡು ಸಲ ಫೋನ್ ಮಾಡಿದ್ದೂ ಉಂಟು. ರಾತ್ರಿ ಪಾಳಿ ಇನ್ನೂ ಹೆದರಿಸುತ್ತದೆ. ಮುಂದಿನ ಗುರುವಾರ ಅದರ ಬಗ್ಗೆ ಮಾತಾಡಲಿದ್ದೇವೆ.