ಜಾಕ್ಸನ್ ಇರಲಿ, ವೀವರ್ ಗತಿಯೇನು?

ಪತ್ರ: 1919ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಅಮೆರಿಕದ ಬೇಸ್‌ಬಾಲ್ ಅಂತಿಮ ಸರಣಿಯಲ್ಲಿ, 0.375 ಬ್ಯಾಟಿಂಗ್ ಸರಾಸರಿ, 12 ಹಿಟ್ (ಬ್ಯಾಟರ್ ಬೇಸ್ ತಲುಪುವ ಹೊಡೆತ), ಒಂದೂ ಎರರ್ (ಫೀಲ್ಡಿಂಗ್ ತಪ್ಪು) ಇಲ್ಲ. ಇಂಥ ಜೋ ಜಾಕ್ಸನ್ ಆಟ ಮಾರಿಕೊಂಡರೆಂದರೆ ನಂಬುವುದು ಹೇಗೆ? ಅವರ ಮೇಲಿನ ಆಜೀವ ನಿಷೇಧವನ್ನು 2025ರಲ್ಲಿ ತೆಗೆದದ್ದೇ ಅವರು ನಿರಪರಾಧಿ ಎಂಬುದಕ್ಕೆ ಸಾಕ್ಷಿಯಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಅಂಕಿ ಹಿಡಿದು ಜಗಳಕ್ಕೆ ಬರುವ ಓದುಗರೆಂದರೆ ನಮಗೆ ಪ್ರೀತಿ. ಆದರೆ ನೀವು ಮೊತ್ತ ನೋಡಿ ಲೆಕ್ಕದ ಪುಸ್ತಕ ಮಡಚಿಬಿಟ್ಟಿರಿ. ಒಳಗಿನ ಸಾಲುಗಳನ್ನೂ ಓದಿ. ಅವರ ತಂಡ ಷಿಕಾಗೊ ವೈಟ್ ಸಾಕ್ಸ್ ಗೆದ್ದ 3 ಆಟಗಳಲ್ಲಿ ಜಾಕ್ಸನ್ 11 ಸರದಿಗೆ 6 ಹಿಟ್. ಸೋತ 5ರಲ್ಲಿ 21ಕ್ಕೆ 6. ಸೋತ ಮೊದಲ ನಾಲ್ಕು ಆಟಗಳಲ್ಲಿ ಅವರ ಬ್ಯಾಟಿನಿಂದ ಒಂದು ರನ್ನೂ ತಂಡಕ್ಕೆ ಬರಲಿಲ್ಲ. ಹೋಮ್ ರನ್ ಬಂದದ್ದು ಎಂಟನೆಯ ಆಟದಲ್ಲಿ, ತಂಡದ ಪಿಚರ್ (ಚೆಂಡೆಸೆಯುವವರು) ಲೆಫ್ಟಿ ವಿಲಿಯಮ್ಸ್ ಮೊದಲ ಇನ್ನಿಂಗ್ಸ್‌ನಲ್ಲೇ ಆಟ ಕೆಡಿಸಿ ಹೊರನಡೆದ ಮೇಲೆ. 32 ಸರದಿಗಳಿಂದ ಏನೂ ಸಾಬೀತಾಗದು, ನಿಜ. ಸಾಬೀತಾಗದು ಎಂಬುದು ನಿಮ್ಮ ವಾದಕ್ಕೂ ಅನ್ವಯಿಸುತ್ತದೆ.

ಎರರ್ ಇಲ್ಲವೆಂಬುದಂತೂ ಏನೂ ಹೇಳುವುದಿಲ್ಲ. ಜಾಕ್ಸನ್‌ರಂಥ ಲೆಫ್ಟ್ ಫೀಲ್ಡರ್ ಒಂದು ಹೆಜ್ಜೆ ತಡವಾಗಿ ಹೊರಟರೆ ಚೆಂಡು ನೆಲಕ್ಕೆ ಬಿದ್ದು ಎದುರಾಳಿಗೆ ಹಿಟ್ ಆಗುತ್ತದೆ; ಸ್ಕೋರರ್ ಫೀಲ್ಡರನ ಹೆಸರನ್ನೇ ಬರೆಯುವುದಿಲ್ಲ.

ಓದು ಬರಹ ಬಾರದ ಜಾಕ್ಸನ್‌ರನ್ನು ಕ್ಲಬ್ಬಿನ ವಕೀಲರೇ ಗ್ರ್ಯಾಂಡ್ ಜ್ಯೂರಿಯ (ಮೊಕದ್ದಮೆ ಹೂಡಬೇಕೇ ಎಂದು ನೋಡುವ ನಾಗರಿಕರ ಮಂಡಳಿ) ಮುಂದೆ ನಿಲ್ಲಿಸಿದ್ದು ಅನ್ಯಾಯವೇ. ಆದರೂ 20,000 ಡಾಲರ್ ಮಾತಾಗಿ 5,000 ಕೈಗೆ ಬಂತೆಂದು ಅವರೇ ಅಲ್ಲಿ ಒಪ್ಪಿಕೊಂಡರು. 2025ರ ತೀರ್ಮಾನವೂ ನಿರಪರಾಧಿ ಎಂದಿಲ್ಲ. ಆಜೀವ ನಿಷೇಧ ಸಾವಿನೊಂದಿಗೆ ಮುಗಿಯುತ್ತದೆ ಎಂದಿದೆ, ಅಷ್ಟೇ. ಜಾಕ್ಸನ್ ತೀರಿಕೊಂಡದ್ದು 1951ರಲ್ಲಿ.

ನಿಮ್ಮ ಕಣ್ಣೀರನ್ನು ಅದೇ ತಂಡದ ಮೂರನೆಯ ಬೇಸಿನ ಆಟಗಾರ ಬಕ್ ವೀವರ್‌ಗೆ ಉಳಿಸಿಕೊಳ್ಳಬಾರದಿತ್ತೇ? ಕಾಸು ಮುಟ್ಟಲಿಲ್ಲ. 11 ಹಿಟ್, 0.324. ತಪ್ಪು ಒಂದೇ: ಒಳಸಂಚಿನ ಮಾತುಕತೆಯಲ್ಲಿ ಕೂತಿದ್ದರು, ಕ್ಲಬ್ಬಿಗೆ ಹೇಳಲಿಲ್ಲ. 1921ರ ಆಗಸ್ಟ್ 2ರಂದು ಷಿಕಾಗೊ ಕೋರ್ಟಿನ ಜ್ಯೂರಿ ಆರೋಪ ಹೊತ್ತ ಆಟಗಾರರೆಲ್ಲರನ್ನೂ ಬಿಟ್ಟಿತು. ಮರುದಿನವೇ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ ಕಮಿಷನರ್ ಲ್ಯಾಂಡಿಸ್, ಸಂಚಿನ ಸಭೆಯಲ್ಲಿ ಕೂತು ಸುಮ್ಮನಿದ್ದವನಿಗೂ ಆಟವಿಲ್ಲ ಎಂದರು. ಆ ಮಾತು ಹೊಲಿದದ್ದೇ ವೀವರ್ ಅಳತೆಗೆ.

ಅದೇ ಅಳತೆಗೋಲನ್ನು ತಂಡದ ಮಾಲೀಕ ಚಾರ್ಲ್ಸ್ ಕಾಮಿಸ್ಕಿಗೂ ಹಿಡಿದಿದ್ದರೆ? ಸೀರೀಸ್ ಮುಗಿದ ಮೇಲೆ ಎಂಟು ಆಟಗಾರರ ಸೀರೀಸ್ ಹಣದ ಚೆಕ್ ತಡೆಹಿಡಿಯುವಷ್ಟು ಅನುಮಾನ ಅವರಿಗಿತ್ತು. ಆದರೂ ಅವರಲ್ಲಿ ಏಳು ಜನರನ್ನು ಮುಂದಿನ ವರ್ಷವೂ ಆಡಿಸಿದರು, ಟಿಕೆಟ್ ಮಾರಿದರು. ಅಮಾನತು ಮಾಡಿದ್ದು 1920ರ ಸೆಪ್ಟೆಂಬರ್ ಕೊನೆಗೆ, ತಪ್ಪೊಪ್ಪಿಗೆಗಳು ಶುರುವಾದ ಮೇಲೆ. 1939ರಲ್ಲಿ ಕಾಮಿಸ್ಕಿ ಬೇಸ್‌ಬಾಲ್‌ನ ಗೌರವಪಟ್ಟಿ ಹಾಲ್ ಆಫ್ ಫೇಮ್ ಸೇರಿದರು.

ಕೋರ್ಟು ಬಿಟ್ಟರೂ ಮಂಡಳಿ ಹಿಡಿಯುವ ಈ ವ್ಯವಸ್ಥೆ ನಮಗೂ ಹೊಸದಲ್ಲ. ಆಟ ಬಿಟ್ಟುಕೊಟ್ಟರೆ ಸಾಲದು, ಜನರನ್ನು ವಂಚಿಸುವ ಉದ್ದೇಶವಿತ್ತೆಂದು ತೋರಿಸಿ ಎಂದು ಷಿಕಾಗೊ ನ್ಯಾಯಾಧೀಶರು ಜ್ಯೂರಿಗೆ ಹೇಳಿದ್ದರು. ನೂರು ವರ್ಷದ ಮೇಲೆ, 2022ರ ಜನವರಿಯಲ್ಲಿ, ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಕ್ರಿಕೆಟ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದ್ದೂ ಹತ್ತಿರಹತ್ತಿರ ಅದನ್ನೇ: ಫಿಕ್ಸಿಂಗ್ 420ನೇ ಕಲಮಿನ ವಂಚನೆಯಲ್ಲ, ಕ್ರಮ ಬಿಸಿಸಿಐಗೆ ಬಿಟ್ಟದ್ದು. ಮಂಡಳಿಯ ಕೈ ಆಟಗಾರನ ಕೊರಳಿಗೆ ಎಟುಕುವಷ್ಟು ಸಲೀಸಾಗಿ ಮಾಲೀಕನ ಕಿಸೆಗೆ ಎಟುಕುವುದೇ?

ವೀವರ್ ಮತ್ತೆ ಮತ್ತೆ ಅರ್ಜಿ ಹಾಕುತ್ತಲೇ 1956ರಲ್ಲಿ ಸತ್ತರು. ಜಾಕ್ಸನ್ ಹೆಸರು 2027ರ ಡಿಸೆಂಬರ್‌ನಲ್ಲಿ ಹಾಲ್ ಆಫ್ ಫೇಮ್ ಸಮಿತಿಯ ಮುಂದೆ ಬರಬಹುದು. ಆಗ ನೀವು ಖಂಡಿತ ಮತ್ತೊಂದು ಪತ್ರ ಬರೆಯುತ್ತೀರಿ, ನಾವೂ ಅಚ್ಚು ಹಾಕುತ್ತೇವೆ. ವೀವರ್ ಬಗ್ಗೆ ಎರಡು ಸಾಲಾದರೂ ಇರಲಿ.