ಬೆನ್ನುಡಿ ಓದಿ ಕೊಟ್ಟ ಪುಸ್ತಕ

ಮೊದಲು ನನ್ನ ಹತ್ತಿರ ಬಂದದ್ದು ಹುಡುಗಿಯಲ್ಲ, ಅವಳ ಕನ್ನಡ ಮೇಷ್ಟ್ರು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಬಸ್ಸು ಹಿಡಿದು ಶಿವಮೊಗ್ಗದ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದಿದ್ದರು. ಕೂತವರೇ ಬ್ಯಾಗಿನಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. "ಇದರಿಂದ ಒಂದು ಮಗು ನನ್ನ ಜೊತೆ ಮಾತು ಬಿಟ್ಟಿದೆ ಮೇಡಂ" ಅಂದರು.

ಗುರುತು ಸಿಗದಿರಲಿ ಅಂತ ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯೋಕೆ ಹುಡುಗಿ, ಅವಳ ಅಪ್ಪ, ಮೇಷ್ಟ್ರು ಮೂವರೂ ಒಪ್ಪಿದ್ದಾರೆ. ಹುಡುಗಿ ಮಾತ್ರ ಒಂದು ಷರತ್ತು ಹಾಕಿದಳು, ಹೆಸರು ತಾನೇ ಇಡ್ತೀನಿ ಅಂತ. ನೀಲಾ ಅಂತ ಇಟ್ಟುಕೊಂಡಳು.

ಮೇಷ್ಟ್ರದ್ದು ಮಲೆನಾಡಿನ ಒಂದು ಪ್ರೌಢಶಾಲೆ. ಅಲ್ಲಿ ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಎರಡು ಕಬ್ಬಿಣದ ಬೀರು. ಬೀಗದಕೈ ಇವರ ಜೇಬಲ್ಲಿ. ನೀಲಾ ಎಂಟನೇ ಕ್ಲಾಸು. ಏಳು ತಿಂಗಳ ಹಿಂದೆ ಅವಳ ಅಮ್ಮ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದಕ್ಕೆ ಮೊದಲು ವಾರಕ್ಕೆ ಎರಡು ಪುಸ್ತಕ ಒಯ್ಯುತ್ತಿದ್ದ ಹುಡುಗಿ. ಆಮೇಲೂ ಬರುತ್ತಿದ್ದಳು, ಆದರೆ ಸುಮ್ನೆ ಬೀರು ಮುಂದೆ ನಿಂತು ಹೊರಟುಹೋಗುತ್ತಿದ್ದಳು. ಮೇಷ್ಟ್ರಿಗೆ ಹೊಟ್ಟೆಯಲ್ಲಿ ಸಂಕಟ. ಅಮ್ಮನನ್ನು ಕಳಕೊಂಡ ಹುಡುಗಿಯೊಬ್ಬಳ ಕಥೆ ಇರುವ ಮಕ್ಕಳ ಕಾದಂಬರಿಯನ್ನು ತಮ್ಮ ದುಡ್ಡಿನಲ್ಲೇ ತರಿಸಿದರು. ಪುಸ್ತಕದ ಹೆಸರು ಇಲ್ಲಿ ಬೇಡ, ಅದರ ತಪ್ಪೇನಿಲ್ಲ. ಕ್ಲಾಸು ಬಿಟ್ಟ ಮೇಲೆ ಅವಳನ್ನು ನಿಲ್ಲಿಸಿಕೊಂಡು, "ಇದು ನಿನಗೋಸ್ಕರ ತರಿಸಿದ್ದು. ಓದಿ, ಹೇಗನ್ನಿಸ್ತು ಅಂತ ಒಂದು ಪುಟ ಬರಕೊಂಡು ಬಾ" ಅಂದರು.

ಮಾರನೇ ದಿನ ಬೆಳಿಗ್ಗೆ ಪುಸ್ತಕ ಅವರ ಮೇಜಿನ ಮೇಲಿತ್ತು, ಪೇಪರಿನಲ್ಲಿ ಸುತ್ತಿ. ಅವತ್ತಿನಿಂದ ನೀಲಾ ಬೀರಿನ ಕಡೆ ಸುಳಿದಿಲ್ಲ. ಹಾಜರಿ ಕೂಗಿದರೆ "ಸರ್" ಅನ್ನುತ್ತಾಳೆ, ಅಷ್ಟೇ.

"ಇದನ್ನ ನೀವು ಪೂರ್ತಿ ಓದಿದ್ರಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೆನ್ನುಡಿ ಓದಿದ್ದೆ."

ಅವತ್ತು ರಾತ್ರಿ ನಾನು ಓದಿದೆ. ಒಳ್ಳೆಯ ಪುಸ್ತಕವೇ. ಆದರೆ ಮೂರನೇ ಪುಟದಲ್ಲೇ ಆಸ್ಪತ್ರೆ ವಾಸನೆ ಬರುತ್ತದೆ, ಉದುರಿದ ಕೂದಲಿರುವ ಬಾಚಣಿಗೆ ಬರುತ್ತದೆ. ಅದನ್ನೆಲ್ಲ ಏಳು ತಿಂಗಳ ಹಿಂದೆ ಮನೆಯಲ್ಲೇ ನೋಡಿದ ಮಗುವಿಗೆ ಅದು ಕಥೆ ಅನ್ನಿಸುತ್ತಾ?

ಮೇಷ್ಟ್ರನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನನ್ನ ಕೋಣೆಯಲ್ಲೂ ಒಂದು ಶೆಲ್ಫ್ ಇತ್ತು. ಒಂದೊಂದು ಖಾನೆಗೂ ಚೀಟಿ ಅಂಟಿಸಿದ್ದೆ: ಸಾವು, ಡೈವೋರ್ಸ್, ಪರೀಕ್ಷೆ ಭಯ. ಮೆಡಿಕಲ್ ಶಾಪಿನವರ ಹಾಗೆ ತೆಗೆದು ತೆಗೆದು ಕೊಡುತ್ತಿದ್ದೆ. ಇದಕ್ಕೆ ಬಿಬ್ಲಿಯೋಥೆರಪಿ ಅಂತ ದೊಡ್ಡ ಹೆಸರೂ ಇದೆ. 1916ರಲ್ಲಿ ಸ್ಯಾಮ್ಯುಯೆಲ್ ಕ್ರೋದರ್ಸ್ ಎಂಬ ಅಮೆರಿಕದ ಪಾದ್ರಿ ಒಂದು ಪತ್ರಿಕೆ ಲೇಖನದಲ್ಲಿ ಆ ಶಬ್ದ ಬಳಸಿದರು. ತಮಾಷೆ ಏನಂದರೆ, ಅವರು ಬರೆದದ್ದೇ ಅರ್ಧ ತಮಾಷೆಗೆ. ನಾವು ಅದನ್ನು ಪೂರ್ತಿ ಗಂಭೀರವಾಗಿ ತಗೊಂಡುಬಿಟ್ಟೆವು.

ಮೇಷ್ಟ್ರು ಯಾವುದೋ ತರಬೇತಿಯಲ್ಲಿ ಕೇಳಿದ್ದ ಇನ್ನೊಂದು ಮಾತು ತೆಗೆದರು. ಪುಸ್ತಕ ಮಕ್ಕಳಿಗೆ ಕನ್ನಡಿ ಆಗಬೇಕು, ಕಿಟಕಿ ಆಗಬೇಕು ಅಂತಾರಲ್ಲ, ಅದು. 1990ರಲ್ಲಿ ರುಡೀನ್ ಸಿಮ್ಸ್ ಬಿಷಪ್ ಬರೆದದ್ದು. ಅವರ ದೂರು ಬೇರೆ ಇತ್ತು: ಅಮೆರಿಕದ ಕಪ್ಪು ಮಕ್ಕಳಿಗೆ ತಮ್ಮ ಮುಖ, ತಮ್ಮ ಮನೆ ಪುಸ್ತಕಗಳಲ್ಲಿ ಕಾಣಿಸುತ್ತಲೇ ಇರಲಿಲ್ಲ. ಅದು ಲೈಬ್ರರಿಯಲ್ಲಿ ಎಂಥ ಪುಸ್ತಕ ಇರಬೇಕು ಅನ್ನುವ ಮಾತು. ಕನ್ನಡಿ ಗೋಡೆ ಮೇಲಿರಲಿ, ಬೇಕಾದವರು ಹೋಗಿ ನೋಡಿಕೊಳ್ಳಲಿ. ಅಳುತ್ತಿರುವ ಮಗುವಿನ ಮುಖಕ್ಕೆ ತಂದು ಹಿಡಿದರೆ ಏನಾಗುತ್ತೆ ಹೇಳಿ.

ಎರಡು ವಾರದ ನಂತರ ನೀಲಾ ಅಪ್ಪನ ಜೊತೆ ಬಂದಳು. ಮೊದಲು ಕೇಳಬೇಕಾದ್ದು ಕೇಳಿದೆ: ನಿದ್ದೆ, ಊಟ, ಶಾಲೆಗೆ ಹೋಗುವುದು, ಗೆಳತಿಯರು, ಸಾಯಬೇಕು ಅನ್ನುವ ಯೋಚನೆ ಬರುತ್ತದಾ. ಇವುಗಳಲ್ಲಿ ಎಡವಟ್ಟು ಕಂಡರೆ ಪುಸ್ತಕದ ಮಾತೇ ಎತ್ತಬಾರದು. ಮನೋವೈದ್ಯರ ಹತ್ತಿರ ಕಳಿಸಬೇಕು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸಬೇಕು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನೀಲಾಗೆ ಅದರ ಅಗತ್ಯ ಕಾಣಲಿಲ್ಲ. ದುಃಖ ಇತ್ತು. ಇರಬೇಕಾದಷ್ಟು ಇತ್ತು.

ಅಪ್ಪನ ಚಿಂತೆ ಬೇರೆ. "ಎಂಟನೇ ಕ್ಲಾಸಿಗೆ ಬಂದ್ರೂ ಹಳೇ ಬಾಲಮಂಗಳ ಹರಡ್ಕೊಂಡು ಕೂತಿರ್ತಾಳೆ. ಡಿಂಗನ ಕಥೆ ಓದೋ ವಯಸ್ಸಾ ಇದು? ರದ್ದಿಗೆ ಹಾಕಿ ಅಂತ ಅಕ್ಕ ಹೇಳ್ತಿದ್ದಾಳೆ."

ನನಗೆ ಕಿವಿ ನೆಟ್ಟಗಾಯಿತು. ಅಂದರೆ ಮಗು ಓದು ಬಿಟ್ಟಿಲ್ಲ! ಮೇಷ್ಟ್ರ ಕಣ್ಣಿಗೆ ಬೀಳುವ ಕಡೆ ಓದುವುದನ್ನು ಬಿಟ್ಟಿದ್ದಾಳೆ.

ಬಾಲಮಂಗಳ ಅನ್ನುವ ಆ ಮಕ್ಕಳ ಪತ್ರಿಕೆ ನಿಂತು ಹತ್ತು ವರ್ಷದ ಮೇಲಾಯಿತು. ಇವು ಅಮ್ಮನವು. ಚಿಕ್ಕವರಿದ್ದಾಗ ಓದಿ, ಗೋಣಿದಾರದಲ್ಲಿ ಕಟ್ಟಿ, ಮದುವೆಯಾದ ಮೇಲೆ ತವರಿನಿಂದ ಹೊತ್ತು ತಂದವು. ಮುಂದಿನ ಸಲ ಬರುವಾಗ ಒಂದು ತಗೊಂಡು ಬರ್ತೀಯಾ ಅಂದೆ. ತಂದಳು. ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆ ಕಳಚಿತ್ತು. ನೇರ ಒಂದು ಪುಟಕ್ಕೆ ಹೋದಳು. ಅದೇ, ಮೊಲಕ್ಕೆ ಮನೆಯ ದಾರಿ ತೋರಿಸಿ ಅಂತ ಇರುತ್ತಲ್ಲ, ಸುತ್ತುಬಳಸಿನ ಚಕ್ರವ್ಯೂಹ. ಪೆನ್ಸಿಲ್ ಗೆರೆ ಎಳೆದಿತ್ತು. ಗೆರೆ ಎಡಕ್ಕೆ ಹೋಗಿ ಗೋಡೆಗೆ ಡಿಕ್ಕಿ ಹೊಡೆದಿತ್ತು. ಅಲ್ಲಿ ರಬ್ಬರಿನಿಂದ ಉಜ್ಜಿ ಉಜ್ಜಿ ಪೇಪರ್ ತೆಳ್ಳಗಾಗಿತ್ತು. ವಾಪಸ್ ಬಂದು ಬಲಕ್ಕೆ ತಿರುಗಿ, ಮತ್ತೆ ತಪ್ಪಿ, ಕೊನೆಗೆ ಮನೆ ಮುಟ್ಟಿತ್ತು.

"ಅಮ್ಮಂಗೆ ಒಂದೇ ಸಲಕ್ಕೆ ಬಂದಿಲ್ಲ ನೋಡಿ" ಅಂದಳು. ಬೆರಳು ಆ ತೆಳ್ಳಗಿನ ಜಾಗದ ಮೇಲೇ ಇತ್ತು.

ಆ ಪುಸ್ತಕ ಯಾಕೆ ವಾಪಸ್ ಕೊಟ್ಟೆ ಅಂತ ನಾನು ಕೇಳಿರಲಿಲ್ಲ. ಅವತ್ತು ಅವಳೇ ಹೇಳಿದಳು. "ಹಿಂದುಗಡೆ ಬರೆದಿತ್ತು, ಆ ಹುಡುಗಿ ಮತ್ತೆ ನಗೋದು ಕಲೀತಾಳೆ ಅಂತ. ಅಂದ್ರೆ ನಾನೂ ಬೇಗ ಕಲೀಲಿ ಅಂತ ಅಲ್ವಾ ಸರ್ ಕೊಟ್ಟಿದ್ದು?"

ಮೇಷ್ಟ್ರು ಓದಿದ ಬೆನ್ನುಡಿಯನ್ನೇ ಅವಳೂ ಓದಿದ್ದಳು. ಅವರಿಗೆ ಸಮಾಧಾನ ಕಂಡ ಸಾಲಿನಲ್ಲೇ ಇವಳಿಗೆ ಹೋಮ್‌ವರ್ಕ್ ಕಂಡಿತ್ತು.

ಅಪ್ಪನಿಗೆ ಹೇಳಿದ್ದು ಸ್ವಲ್ಪವೇ. ಬಾಲಮಂಗಳ ರದ್ದಿಗೆ ಹಾಕಬೇಡಿ. ವಯಸ್ಸಿಗಿಂತ ಚಿಕ್ಕ ಪುಸ್ತಕ ಓದಿದರೆ ಬುದ್ಧಿ ಚಿಕ್ಕದಾಗುವುದಿಲ್ಲ. ಮುಂದೇನಾಗುತ್ತದೆ ಅಂತ ಗೊತ್ತಿರುವ ಕಥೆ ಈಗ ಅವಳಿಗೆ ಬೇಕು, ಯಾಕೆಂದರೆ ಗೊತ್ತಿಲ್ಲದ್ದು ಮನೆಯಲ್ಲಿ ಬೇಕಾದಷ್ಟು ಆಗಿಹೋಗಿದೆ. ಸಾಧ್ಯ ಆದರೆ ಪಕ್ಕದಲ್ಲಿ ಕೂತು ನೀವೂ ಒಂದು ಓದಿ.

ಮೇಷ್ಟ್ರ ಜೊತೆ ಜಾಸ್ತಿ ಹೊತ್ತು ಕೂತೆ. ಮೊದಲನೆಯದು, ಒಂದೇ ಒಂದು ಸಲ ಅವಳಿಗೆ ಹೇಳಿಬಿಡಿ: ಅದನ್ನ ಕೊಟ್ಟಿದ್ದು ನನ್ನ ಆತುರ ಕಣಮ್ಮಾ, ನೀನು ಸರಿಹೋಗಬೇಕು ಅಂತ ಏನಿಲ್ಲ. ಅಷ್ಟು ಹೇಳಿ ಎದ್ದು ಹೋಗಿ, ಉತ್ತರಕ್ಕೆ ಕಾಯಬೇಡಿ. ಎರಡನೆಯದು, ಆ ಒಂದು ಪುಟ ಬರೆಸುವ ಚಾಳಿ ನಿಲ್ಲಿಸಿ. ಇದಕ್ಕೆ ಅವರು ಒಪ್ಪಲಿಲ್ಲ. ಬರೆಸದಿದ್ದರೆ ಓದಿದ್ದಾರೋ ಇಲ್ಲವೋ ಹೇಗೆ ಗೊತ್ತಾಗಬೇಕು ಅಂದರು. ಗೊತ್ತಾಗಬೇಡ ಅಂದೆ. ಡೇನಿಯಲ್ ಪೆನಾಕ್ ಅನ್ನುವ ಫ್ರೆಂಚ್ ಮೇಷ್ಟ್ರು 1992ರಲ್ಲಿ ಓದುಗರಿಗೆ ಹತ್ತು ಹಕ್ಕು ಅಂತ ಪಟ್ಟಿ ಮಾಡಿದ್ದಾರೆ. ಮೊದಲ ಹಕ್ಕೇ ಓದದಿರುವ ಹಕ್ಕು. ಪುಟ ಹಾರಿಸುವುದು, ಅರ್ಧಕ್ಕೇ ಬಿಡುವುದು, ಓದಿದ್ದರ ಬಗ್ಗೆ ತುಟಿ ಬಿಚ್ಚದಿರುವುದು, ಎಲ್ಲ ಅದರಲ್ಲಿದೆ. ಮೇಷ್ಟ್ರು ನಕ್ಕರು. "ಇಲಾಖೆಯವರು ಕೇಳಿದ್ರೆ ಆ ಪಟ್ಟಿ ತೋರಿಸ್ಲಾ?" ಅಂದರು.

ಮೂರನೆಯದು ಬೀರು. ವಾರಕ್ಕೆ ಒಂದು ದಿನ ಮಧ್ಯಾಹ್ನ ಊಟದ ಹೊತ್ತಲ್ಲಿ ಇಪ್ಪತ್ತು ಇಪ್ಪತ್ತೈದು ಪುಸ್ತಕ ತೆಗೆದು ವರಾಂಡದ ಬೆಂಚಿನ ಮೇಲೆ ಮುಖ ಮೇಲಾಗಿ ಹರಡಿ. ಆ ಪುಸ್ತಕವೂ ಅದರೊಳಗೆ ಇರಲಿ, ನಡುವೆ ಎಲ್ಲೋ. ನೀವು ಪಕ್ಕದಲ್ಲಿ ಕೂತು ನಿಮ್ಮ ಪುಸ್ತಕ ಓದಿಕೊಳ್ಳಿ. ಯಾರು ಏನು ಎತ್ತಿಕೊಂಡರು ಅಂತ ಕಣ್ಣಂಚಲ್ಲೂ ನೋಡಬೇಡಿ. ಕಳೆದುಹೋದರೆ ಯಾರು ಕಟ್ಟಿಕೊಡುವುದು ಅನ್ನುವ ಭಯ ಅವರಿಗೆ ಇದ್ದೇ ಇತ್ತು. ಅದು ಸುಳ್ಳು ಭಯವೇನಲ್ಲ. ಸ್ಟಾಕ್ ರಿಜಿಸ್ಟರ್ ಕೈಯಲ್ಲಿರುವವರಿಗೇ ಗೊತ್ತು ಅದರ ಕಷ್ಟ. ಹೆಡ್‌ಮಾಸ್ಟರ ಹತ್ತಿರ ಮಾತಾಡಿ, ಮಕ್ಕಳೇ ಹೆಸರು ಬರೆದು ಒಯ್ಯುವ ಒಂದು ನೋಟ್‌ಬುಕ್ ಇಡುವುದು ಅಂತಾಯಿತು. ಬೇಸಿಗೆ ರಜೆಗೆ ಪಂಚಾಯ್ತಿ ಲೈಬ್ರರಿ ಇದೆ. ಈಗ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ ಓದುವ ಬೆಳಕು ಅನ್ನುವ ಸರ್ಕಾರಿ ಕಾರ್ಯಕ್ರಮ ಶುರುವಾದಾಗಿನಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ಮೇಷ್ಟ್ರ ಊರಿನಲ್ಲೇ ಒಂದಿತ್ತು. ಅವರು ಒಳಗೆ ಹೋಗಿರಲಿಲ್ಲ.

"ಆದರೆ ಬೆಂಚಿನ ಮೇಲೆ ಏನಿಡಲಿ?" ಅಂದರು. ಇದು ನಿಜವಾದ ಪ್ರಶ್ನೆ. ಚಿಕ್ಕವರಿಗೆ ಕನ್ನಡದಲ್ಲಿ ಕಥೆ ಸಿಗುತ್ತವೆ. ದೊಡ್ಡವರಿಗಂತೂ ರಾಶಿ. ಹನ್ನೆರಡರಿಂದ ಹದಿನೈದರ ಮಕ್ಕಳು ಮಾತ್ರ ನಡುವಿನ ಹಳ್ಳದಲ್ಲಿ. ಪಂಚತಂತ್ರದಿಂದ ಒಂದೇ ನೆಗೆತಕ್ಕೆ ಐನೂರು ಪುಟದ ಕಾದಂಬರಿಗೆ ಹಾರಬೇಕು. ಬರೆದವರು ಇಲ್ಲವೇ ಇಲ್ಲ ಅಂತಲ್ಲ. ನಮ್ಮ ಸಾಗರದ ನಾ. ಡಿಸೋಜ ಅವರ "ಮುಳುಗಡೆಯ ಊರಿಗೆ ಬಂದವರು" 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಪಡೆಯಿತು. ಅದನ್ನೂ ನೀಲಾ ಕೈಗೆ ಕೊಡಬೇಕು ಅಂತ ಮೇಷ್ಟ್ರಿಗೆ ಆಸೆ. "ಬೆಂಚಿಗೆ" ಅಂದೆ, "ಕೈಗಲ್ಲ."

ಆರಿಸುವಾಗ ವಿಷಯ ಯಾವುದು ಅಂತ ಆಮೇಲೆ ನೋಡಿ. ಕಥೆಯೊಳಗಿನ ಮಕ್ಕಳಿಗೆ ಮಾಡೋಕೆ ಏನಾದರೂ ಕೆಲಸ ಇದೆಯಾ? ದೊಡ್ಡವರು ಬಂದು ಬುದ್ಧಿ ಹೇಳಿದ್ದಕ್ಕೆ ಕಥೆ ಮುಗಿಯುತ್ತಾ? ನಗು ಬರುತ್ತಾ? ಮೊದಲ ಹತ್ತು ಪುಟ ನೀವೇ ಗಟ್ಟಿಯಾಗಿ ಓದಿ ನೋಡಿ. ನಿಮಗೇ ಆಕಳಿಕೆ ಬಂದರೆ ಅವರಿಗೆ ಕೊಡಬೇಡಿ.

ಇದರ ನಡುವೆ ಒಂಬತ್ತನೇ ಕ್ಲಾಸಿನ ಹುಡುಗಿಯರ ಮೇಲೂ ಒಂದು ದೂರು ಬಂತು. ಅಮ್ಮನ ಫೋನಿನಲ್ಲಿ ಪ್ರತಿಲಿಪಿ ಅನ್ನುವ ಕಥೆಗಳ ಆ್ಯಪ್ ತೆಗೆದು ಪ್ರೇಮಕಥೆಯ ಕಂತು ಓದುತ್ತಾರಂತೆ. ಕಂತಿನ ಕಥೆ ಹೊಸದೇನಲ್ಲ, ವಾರಪತ್ರಿಕೆಗಳಲ್ಲಿ 1965ರಿಂದ ಸುಧಾ ಬರುತ್ತಿದೆ, 1983ರಿಂದ ತರಂಗ. ನಾನು ತರಂಗದ ಧಾರಾವಾಹಿಯನ್ನು ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟುಕೊಂಡು ಓದಿದವಳು. ಹಾಗಾಗಿ ನನ್ನ ಹತ್ತಿರ ಈ ದೂರು ಹೇಳಿ ಪ್ರಯೋಜನವಿಲ್ಲ ಅಂದೆ. ಎರಡು ಕಂತು ನೀವೂ ಓದಿ, ಹುಡುಗನೊಬ್ಬ ಹಿಂದೆ ಬಿದ್ದು ಕಾಡುವುದನ್ನೇ ಪ್ರೀತಿ ಅಂತ ತೋರಿಸುತ್ತಿದ್ದರೆ ಮಾತಾಡಿ. ಹೀಗೆ ಕಾಡಿದರೆ ನಿಮಗೆ ಇಷ್ಟ ಆಗುತ್ತಾ ಅಂತ ಕೇಳಿ. ಅವರೇ ಮಾತಾಡುತ್ತಾರೆ.

ಬೆಂಚು ಶುರುವಾಗಿ ನಾಲ್ಕು ವಾರ ನೀಲಾ ಬರಲಿಲ್ಲ. ಮೇಷ್ಟ್ರು ಪ್ರತಿ ಶುಕ್ರವಾರ ಫೋನು, "ಬಂದಿಲ್ಲ ಮೇಡಂ." ನನಗೂ ಸ್ವಲ್ಪ ಅಳುಕಾಗಿತ್ತು, ಸುಳ್ಳು ಯಾಕೆ ಹೇಳಲಿ. ಐದನೇ ವಾರ ಬಂದಳು. ಗೆಳತಿಯೊಬ್ಬಳು ನಾಯಿ ಕಥೆ ಇದೆ ಅಂದಳಂತೆ. "ಕರ್ವಾಲೊ" ಎತ್ತಿಕೊಂಡು ಹೋದಳು. ತೇಜಸ್ವಿ 1980ರಲ್ಲಿ ಮಕ್ಕಳಿಗೆ ಅಂತೇನೂ ಬರೆದದ್ದಲ್ಲ ಅದು. ಆದರೂ ಆ ಹಳ್ಳದ ಮೇಲಿನ ಸಂಕದ ಹಾಗೆ ಎಷ್ಟೋ ಮಕ್ಕಳು ಅದನ್ನು ದಾಟಿಯೇ ಆ ಕಡೆ ಹೋಗಿದ್ದಾರೆ. ಮಂದಣ್ಣ ಇದ್ದಾನೆ, ಕಿವಿ ಅನ್ನೋ ನಾಯಿ ಇದೆ, ಹಾರುವ ಓತಿ ಇದೆ. ಸಾಲದಾ?

ನನ್ನ ಹತ್ತಿರ ಬಂದಾಗ ಓದಿ ಮುಗಿಸಿದ್ದಳು. ಹೇಗಿತ್ತು ಅಂತ ನಾನು ಕೇಳಲಿಲ್ಲ, ಮೇಷ್ಟ್ರಿಗೆ ಹೇಳಿಕೊಟ್ಟಿದ್ದನ್ನ ನಾನೂ ಪಾಲಿಸಬೇಕಲ್ಲ. ಕಿವಿಯ ವಿಷಯ ಎರಡು ಸಲ ಹೇಳಿ ನಕ್ಕಳು. ಆಮೇಲೆ ಬ್ಯಾಗಿನ ಜಿಪ್ಪು ಹಾಕುತ್ತಾ, ತೆಗೆಯುತ್ತಾ ಕೂತಳು.

"ಕೊನೇಲಿ ಓತಿ ಹಾರಿ ಹೋಗ್ಬಿಡುತ್ತೆ ಮೇಡಂ. ಅಷ್ಟು ದೂರ ಹುಡ್ಕೊಂಡು ಹೋಗಿರ್ತಾರೆ. ಕೈಗೆ ಸಿಗಲ್ಲ."

"ಹೂಂ."

"ಆದ್ರೆ ಅವರು ನೋಡಿದ್ರು ಅಲ್ವಾ. ಇತ್ತು ಅಂತ ಅವರಿಗೆ ಗೊತ್ತು."

ಜಿಪ್ಪು ಹಾಕಿದಳು. ಅಪ್ಪ ಹೊರಗೆ ಕಾಯುತ್ತಿದ್ದರು. ಬಸ್ಸಿಗೆ ಹೊತ್ತಾಗಿತ್ತು.

ಅವಳು ಇನ್ನೂ ತಿಂಗಳಿಗೊಮ್ಮೆ ಬರುತ್ತಾಳೆ. ಮೇಷ್ಟ್ರು ತಮ್ಮ ದುಡ್ಡಿನಲ್ಲಿ ತರಿಸಿದ ಆ ಪುಸ್ತಕವನ್ನು ಅವಳು ಮುಟ್ಟಿಲ್ಲ. ಅದು ಬೆಂಚಿನ ಮೇಲೆ ಇರುತ್ತದೆ, ಆದರೆ ಪ್ರತಿ ವಾರವೂ ಅಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, ಇಷ್ಟು ದಿನ ಒಂದು ಪುಸ್ತಕವನ್ನೂ ಮುಟ್ಟದವನು, ಅದನ್ನು ಎರಡು ಸಲ ಒಯ್ದಿದ್ದಾನಂತೆ. ನೋಟ್‌ಬುಕ್ಕಿನಲ್ಲಿ ಹೆಸರಿದೆ. ಯಾಕೆ ಅಂತ ಮೇಷ್ಟ್ರು ಕೇಳಿಲ್ಲ.