ಕಾಕಾನ್ನ ಕೇಳಿ: ಹದಿನಾಲ್ಕು ಬರ್ಗರ್ ತಿಂದರೂ ಜಗಳ ಮುಗಿದಿಲ್ಲ

ಪ್ರಶ್ನೆ: ಕಾಕಾ, ನಾನು ಗದಗದವನು. ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಬಿಡುವಿದ್ದ ಶನಿವಾರ ನಾವು ಮೂವರು ರೂಮಿನವರು ಪುಣೆ ತುಂಬಾ ಬರ್ಗರ್ ಹುಡುಕಿಕೊಂಡು ತಿರುಗುತ್ತೇವೆ. ಹದಿನಾಲ್ಕು ಅಂಗಡಿ ಆದವು, ಯಾವುದು ಬೆಸ್ಟ್ ಅನ್ನೋದರಲ್ಲಿ ಮೂವರದೂ ಮೂರು ದಿಕ್ಕು. ನೀವೇ ಹೇಳಿ. ಇನ್ನೊಂದು, ಹ್ಯಾಂಬರ್ಗರ್ ಹೆಸರಿನಲ್ಲಿ ‘ಹ್ಯಾಮ್’ ಇದೆ, ಹಾಗಂದರೆ ಹಂದಿ ಮಾಂಸ ಅಂತ ಯಾರೋ ಹೇಳಿ ಅವ್ವ ಗಾಬರಿಯಾಗಿದ್ದಾಳೆ.
– ಒಬ್ಬ ಓದುಗ, ಹಿಂಜವಡಿ

ಉತ್ತರ: ಮೊದಲು ಅವ್ವನಿಗೆ ಫೋನ್ ಮಾಡು, ತಮ್ಮಾ. ಆ ಹೆಸರು ಬಂದಿದ್ದು ಜರ್ಮನಿಯ ಹ್ಯಾಂಬರ್ಗ್ ಊರಿನಿಂದ. ನಮ್ಮ ಧಾರವಾಡ ಪೇಡೆ, ಬೆಳಗಾವಿ ಕುಂದಾ ಇದ್ದ ಹಾಗೆ. ಅಮೆರಿಕದಲ್ಲಿ ಅದು ದನದ ಖೀಮಾ. ಅಷ್ಟೂ ಹೇಳಬೇಕೋ ಬೇಡವೋ ನಿನಗೆ ಬಿಟ್ಟಿದ್ದು.

ಇಲ್ಲಿನ ಕತೆ ಬೇರೆ. ಮಹಾರಾಷ್ಟ್ರದಲ್ಲಿ 2015ರ ತಿದ್ದುಪಡಿ ಬಂದಮೇಲೆ ಹಸುವಿನ ಜೊತೆ ಎತ್ತು, ಹೋರಿ ಕಡಿಯುವುದೂ ನಿಂತಿತು. ಈಗ ಮೆನುವಿನಲ್ಲಿ ಬೀಫ್ ಅಂತ ಕಂಡರೆ ಅದು ಎಮ್ಮೆ-ಕೋಣದ ಮಾಂಸ. ಅದರಲ್ಲಿ ಕೊಬ್ಬು ಕಡಿಮೆ, ಹಂಚಿನ ಮೇಲೆ ಬೇಗ ಒಣಗುತ್ತದೆ. ನೂರು ಗ್ರಾಂ ಖೀಮಾದಲ್ಲಿ ಇಪ್ಪತ್ತು ಗ್ರಾಂನಷ್ಟಾದರೂ ಕೊಬ್ಬಿದ್ದರೆ ರಸ ನಿಲ್ಲುತ್ತದೆ. ಆ ತಾಪತ್ರಯ ಬೇಡ ಅನ್ನುವವರು ಬ್ರೆಡ್ ಪುಡಿ, ಮೊಟ್ಟೆ, ಶುಂಠಿ-ಬೆಳ್ಳುಳ್ಳಿ ಹಾಕಿ ಕಲಸಿಬಿಡುತ್ತಾರೆ. ಅದು ಕಟ್ಲೆಟ್. ರುಚಿ ಇರಬಹುದು, ಆದರೆ ಬರ್ಗರ್ ಅಲ್ಲ. ಉಪ್ಪನ್ನೂ ಮೊದಲೇ ಹಾಕಿ ನಾದಬಾರದು. ನಾದಿದರೆ ಮಾಂಸ ಅಂಟಿಕೊಂಡು ರಬ್ಬರಿನ ಹಾಗಾಗುತ್ತದೆ. ಹಂಚಿಗೆ ಹಾಕುವ ಗಳಿಗೆಯಲ್ಲಿ ಮೇಲೆ ಉದುರಿಸಿದರೆ ಸಾಕು.

ಹೋದ ದೀಪಾವಳಿಗೆ ಮಗ ನಮ್ಮಿಬ್ಬರನ್ನು ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದ. ಗೇಣುದ್ದ ಬರ್ಗರ್, ನಡುವೆ ಬಿದಿರು ಕಡ್ಡಿ. ಬಾಯಿ ಎಷ್ಟು ತೆರೆದರೂ ಹಿಡಿಸಲಿಲ್ಲ. ಕಡ್ಡಿ ಕಿತ್ತೆ, ಎಲ್ಲಾ ತಟ್ಟೆಗೆ ಕುಸಿಯಿತು. ಕೆಳಗಿನ ಪಾವು ಸಾಸ್ ಕುಡಿದು ಅಂಬಲಿಯಾಗಿತ್ತು. ಬಿಲ್ ನೋಡಿದ ನಿನ್ನ ಕಾಕು ಆ ಕಡ್ಡಿಯನ್ನೂ ಚೀಲಕ್ಕೆ ಹಾಕಿಕೊಂಡಳು!

ಅಂದಿನಿಂದ ನನ್ನದು ಒಂದೇ ಪರೀಕ್ಷೆ. ಮೆನುವಿನಲ್ಲಿ ಎಲ್ಲಕ್ಕಿಂತ ಸಾದಾ ಬರ್ಗರ್ ಹೇಳುತ್ತೇನೆ, ಸಾಸ್ ಬೇರೆ ಕೊಡಿ ಅನ್ನುತ್ತೇನೆ. ಬಂದ ಕೂಡಲೇ ಮಗುಚಿ ಪಾವಿನ ತಳ ನೋಡುತ್ತೇನೆ. ಒಳಮೈಯನ್ನು ಬೆಣ್ಣೆಯಲ್ಲಿ ಕೆಂಪಗೆ ಸುಟ್ಟಿದ್ದರೆ ರಸ ಬೇಗ ಇಳಿಯುವುದಿಲ್ಲ. ಆಮೇಲೆ ಮಾಂಸದ ಅಂಚು. ಅದು ದೋಸೆಯ ಅಂಚಿನ ಹಾಗೆ ಗರಿಗರಿ ಇರಬೇಕು. ಈಗ ಸ್ಮ್ಯಾಶ್ ಬರ್ಗರ್ ಅಂತ ಎಲ್ಲಾ ಕಡೆ ನಡೆಯುತ್ತಿದೆ ಅಲ್ವಾ, ಅದರ ಗುಟ್ಟೂ ಇದೇ. ಖೀಮಾ ಉಂಡೆಯನ್ನು ಕಾದ ಹಂಚಿನ ಮೇಲಿಟ್ಟು ಒಮ್ಮೆ ಸಟ್ಟುಗದಿಂದ ಒತ್ತಿಬಿಡುತ್ತಾರೆ. ಒತ್ತುವುದಿದ್ದರೆ ಆಗಲೇ, ಅರ್ಧ ಬೆಂದ ಮೇಲಲ್ಲ. ಆಗ ಒತ್ತಿದರೆ ಇದ್ದ ರಸವೆಲ್ಲ ಹಂಚಿನ ಪಾಲು. ಒಳಗೆ ಹಸಿ ಕೆಂಪು ಕಂಡರೆ ಮಾತ್ರ ಸುಮ್ನೆ ವಾಪಸ್ ಕಳಿಸು. ಅರೆದ ಮಾಂಸದಲ್ಲಿ ಮೇಲಿನ ಸೋಂಕು ಒಳಗೂ ಸೇರಿಕೊಂಡಿರುತ್ತದೆ, ಪೂರ್ತಿ ಬೇಯಲೇಬೇಕು.

ನನ್ನ ವೋಟು ಕೇಳಿದೆಯಲ್ಲ, ಅದು ಪುಣೆಯ ಕ್ಯಾಂಪ್ ಬಡಾವಣೆಯ ಹಳೇ ಬರ್ಗರ್ ಅಂಗಡಿಗೆ. 1992ರಿಂದ ಬರ್ಗರ್ ಕಿಂಗ್ ಅನ್ನೋ ಹೆಸರಲ್ಲಿದ್ದದ್ದು. ಅದೇ ಹೆಸರಿನ ಅಮೆರಿಕದ ಕಂಪನಿ ಭಾರತದಲ್ಲಿ ಅಂಗಡಿ ತೆರೆದಿದ್ದು 2014ರಲ್ಲಿ, ಕೋರ್ಟಿಗೆ ಬಂದಿದ್ದು ಮಾತ್ರ 2011ರಲ್ಲೇ! 2024ರಲ್ಲಿ ಪುಣೆ ಕೋರ್ಟು ನಮ್ಮ ಊರಿನವರ ಪರ ಹೇಳಿತು, ಹೈಕೋರ್ಟು ಮಧ್ಯಂತರವಾಗಿ ಹೆಸರಿಗೆ ತಡೆ ಹಾಕಿತು, 2025ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಆ ಆದೇಶಕ್ಕೇ ತಡೆ ಕೊಟ್ಟಿತು. ಹೆಸರಿನ ಜಗಳ ಹೀಗಿರುವಾಗ ಬೋರ್ಡ್ ನೋಡಿ ಹುಡುಕಬೇಡ, ಕ್ಯಾಂಪಿನಲ್ಲಿ ಯಾರನ್ನಾದರೂ ಕೇಳು, ಕೈ ಮಾಡಿ ತೋರಿಸುತ್ತಾರೆ. ಮಗಳು ಶಾಲೆಗೆ ಹೋಗುತ್ತಿದ್ದಾಗಿಂದ ತಿನ್ನುತ್ತಿದ್ದೇನೆ, ಹಾಗಾಗಿ ನನ್ನ ತೀರ್ಪಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ.

ಶನಿವಾರ ಸಂಜೆ ಅಲ್ಲಿ ಬೈಕ್ ನಿಲ್ಲಿಸಲು ಜಾಗ ಸಿಗುವುದಿಲ್ಲ. ನಾಲ್ಕು ಗಂಟೆಯೊಳಗೆ ಹೋಗಿ. ಪಾರ್ಸಲ್ ಮಾತ್ರ ಬೇಡ, ಹಿಂಜವಡಿ ಮುಟ್ಟುವಷ್ಟರಲ್ಲಿ ಪಾವು ಬೆವತಿರುತ್ತದೆ.